ಕುದುರೆಗೆ ಹೇಳಿದ ಮಾತು

ಹಿಜರಿ ತೊಂಬತ್ತನೆಯ ವರ್ಷ, ಶಾಬಾನ್ ತಿಂಗಳ ಹನ್ನೊಂದು. ಮಧ್ಯಾಹ್ನದ ನಮಾಜು ಮುಗಿದು ಒಂದು ಗಳಿಗೆಯಾಗಿತ್ತು. ತಿಂಗಳಿಂದ ಮುತ್ತಿಗೆಯಲ್ಲಿದ್ದ ಜರ್ಕಂದ್ ಕೋಟೆಯ ದಿಡ್ಡಿಬಾಗಿಲು ಒಳಗಿನಿಂದ ತೆರೆಯಿತು. ಕೋಟೆಯೊಡೆಯ ಮಾಹಿಯಾರ್ ಹೊರಗೆ ಬಂದ. ಸೊಂಟದಲ್ಲಿ ಕತ್ತಿಯಿರಲಿಲ್ಲ. ಹಿಂದೆ ಹೆಂಡತಿ, ಸೊಸೆ, ಸೊಸೆಯ ತೋಳಿನಲ್ಲಿ ಕೂಸು.

ಹುರೈಸ್ ಬಿನ್ ಜಹ್ಮ್‌ಗೆ ಏನೂ ಅರ್ಥವಾಗಲಿಲ್ಲ. ಅವನಿಗೆ ಹತ್ತೊಂಬತ್ತು ವರ್ಷ; ಅರಬ್ ದಂಡಿನ ನಾಯಕನಾಗಿ ಇದು ಅವನ ಮೊದಲ ಮುತ್ತಿಗೆ. ಮರುದಿನ ಗೋಡೆ ಹತ್ತುವುದೆಂದು ಏಣಿಗಳನ್ನು ಬಿಗಿದಾಗಿತ್ತು. ಕಾದಾಡಿ ಗೆದ್ದರೆ ಒಳಗಿನದೆಲ್ಲ ದಂಡಿನ ಪಾಲು ಎಂದು ಅವನೇ ಎಲ್ಲರೆದುರು ಸಾರಿದ್ದ.

"ನಿಮ್ಮವನೇ ಮಾತು ಕೊಟ್ಟ," ಎಂದ ಮಾಹಿಯಾರ್ ಪಾರಸಿಯಲ್ಲಿ. "ಗೋಡೆ ಮೇಲೆ ನಿಂತಿದ್ದೆ. ಕೆಳಗಿಂದ ಮುಖ ಎತ್ತಿ 'ಮತರ್ಸ್' ಅಂದ. ಮತ್ತೆ ಮತ್ತೆ ಅಂದ. ಅದಕ್ಕೇ ಬಾಗಿಲು ತೆಗೆಸಿದೆ."

ಮತರ್ಸ್ ಎಂದರೆ ಹೆದರಬೇಡ. ಪಾರಸಿ ಆಡುವ ಮರ್ವ್ ಪಟ್ಟಣದ ಓಣಿಗಳಲ್ಲಿ ಬೆಳೆದ ಹುರೈಸ್‌ಗೆ ಪಾರಸಿ ಚೆನ್ನಾಗಿ ಬರುತ್ತಿತ್ತು. ಪಾರಸಿ ಬಾರದವರಿಗೂ ಆ ಒಂದು ಮಾತಿನ ತೂಕ ಗೊತ್ತಿತ್ತು. ದಂಡಿನ ಕಟ್ಟಕಡೆಯ ಆಳು ಅದನ್ನು ಶತ್ರುವಿಗೆ ಹೇಳಿದರೂ ಅದು ಅಭಯ. ಇಡೀ ದಂಡು ಅದಕ್ಕೆ ಬದ್ಧ. ಆಮೇಲೆ ಕಪ್ಪ ಕೇಳಬಹುದು, ಅಷ್ಟೇ. ಜೀವ, ಮನೆ, ಮಕ್ಕಳನ್ನು ಮುಟ್ಟುವಂತಿಲ್ಲ.

ಆ ಮಾತು ಆಡಿದ ಸವಾರ ದಿರಾರ್‌ನನ್ನು ಕರೆತಂದರು.

"ಅಮೀರರೇ, ನಾನು ಹೇಳಿದ್ದು ಈ ಮುದುಕಂಗಲ್ಲ, ನನ್ನ ಕುದುರೆಗೆ. ಗೋಡೆ ಹತ್ರ ಬೆದರಿ ಹಿಂಗಾಲ ಮೇಲೆ ನಿಂತ್ಬಿಡ್ತು."

"ಕುದುರೆಗೆ ಪಾರಸಿ ಯಾಕೋ?" ಎಂದ ಹುರೈಸ್.

"ಅದನ್ನ ಮರಿಯಿಂದ ಸಾಕಿದ್ದು ನನ್ನ ಹೆಂಡ್ತಿ. ಅವಳು ಮರ್ವ್ ಕಡೆಯೋಳು. ಅರಬ್ಬಿಲಿ ಏನು ಹೇಳಿದ್ರೂ ಅದು ಕಿವಿಗೆ ಹಾಕ್ಕೊಳ್ಳಲ್ಲ."

"ನಿಂಗೂ ರಾತ್ರಿ ಅದನ್ನೇ ಹೇಳ್ತಾಳಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ದಂಡು ನಕ್ಕಿತು.

"ಮುಖ ಯಾಕೆ ಮೇಲೆತ್ತಿದೆ?" ಎಂದು ಹುರೈಸ್ ಕೇಳಿದ.

"ಕುದುರೆ ಎದ್ದು ನಿಂತ್ರೆ ಅದರ ಕಿವಿ ಎಲ್ಲಿರುತ್ತೆ, ನೀವೇ ಹೇಳಿ."

ಹುರೈಸ್‌ನ ಸೋದರಮಾವ ಅಬು ಸುಮೈರ್ ಮುಂದೆ ಬಂದ. ದಂಡಿನ ಅರ್ಧ ಜನ ಅವನ ಮಾತು ಕೇಳುವವರು.

"ಮುಗೀತಲ್ಲ. ಕುದುರೆಗೆ ಕೊಟ್ಟ ಅಭಯ ಕುದುರೆಗೇ ಇರಲಿ. ಬಾಗಿಲು ತೆಗೆದಿದೆ, ನಡಿ ಒಳಗೆ."

"ಮಾವ, ಇವರು ನಂಬಿ ಬಂದಿದ್ದಾರೆ."

"ತಪ್ಪು ಕೇಳಿಸ್ಕೊಂಡು ಬಂದಿದ್ದಾರೆ. ಇವತ್ತು ಇದನ್ನ ಬಿಟ್ಟರೆ ನಾಳೆ ಒಬ್ಬನೂ ನಿನ್ನ ಮಾತಿಗೆ ಏಣಿ ಹತ್ತಲ್ಲ. ಮೀಸೆ ಬಲಿಯದ ಹುಡುಗನ ಕೈಗೆ ದಂಡು ಕೊಟ್ಟರು ಅಂತಾರೆ."

ಅದು ನಿಜವೆಂದು ಹುರೈಸ್‌ಗೆ ಗೊತ್ತಿತ್ತು. ಮಾಹಿಯಾರ್‌ಗೆ ಅರಬ್ಬಿ ತಿಳಿಯದು. ಯಾರು ಮಾತಾಡಿದರೆ ಅವರ ಮುಖ ನೋಡುತ್ತಿದ್ದ. ಆಡಿದವನ ಮನಸ್ಸಿನಲ್ಲಿ ಅಭಯವಿರಲಿಲ್ಲ. ಕೇಳಿದವನ ಮನಸ್ಸಿನಲ್ಲಿ ಅದರ ಹೊರತು ಬೇರೇನೂ ಇರಲಿಲ್ಲ. ಎರಡರಲ್ಲಿ ಯಾವುದನ್ನು ತೂಗುವುದು?

ಅವನು ದಿರಾರ್ ಕಡೆ ತಿರುಗಿದ. "ನಿನ್ನ ಹೆಂಡ್ತಿ ಮತರ್ಸ್ ಅಂದ ಮೇಲೆ ಆ ಕುದುರೆಗೆ ಯಾವತ್ತಾದ್ರೂ ಹೊಡೆದಿದ್ದಾಳಾ?"

"ಎಲ್ಲಾದ್ರೂ ಉಂಟಾ? ಹೊಡೆದಿದ್ರೆ ಅದು ಆ ಮಾತಿಗೆ ನಿಲ್ತಿರಲಿಲ್ಲ."

"ಹಾಗಾದ್ರೆ ನಾವೂ ಹೊಡೆಯೋದು ಬೇಡ," ಎಂದ ಹುರೈಸ್. "ಇದು ಅಭಯ. ಏಣಿ ಬಿಚ್ಚಿ."

ಯಾರೂ ಅಲುಗಲಿಲ್ಲ. ದಿರಾರ್ ತಲೆ ಕೆರೆದುಕೊಳ್ಳುತ್ತ ಹೋಗಿ ಒಂದು ಏಣಿಯ ಹಗ್ಗಕ್ಕೆ ಕೈಹಾಕಿದ. ಆಮೇಲೆ ಇನ್ನಿಬ್ಬರು ಹೋದರು. ಅಬು ಸುಮೈರ್‌ನ ಸವಾರರಲ್ಲಿ ಬಹಳ ಮಂದಿ ಸಂಜೆಯೊಳಗೆ ಡೇರೆ ಕಿತ್ತು ಮರ್ವ್ ದಾರಿ ಹಿಡಿದರು. ಮಾವ ಮಾತ್ರ ಹೋಗಲಿಲ್ಲ. ಅಕ್ಕನ ಮಗನನ್ನು ಬಿಟ್ಟು ಹೋಗಲಾರದೆ ಉಳಿದ, ಆದರೆ ಮಾತು ಬಿಟ್ಟ.

ಕಪ್ಪ ಗೊತ್ತುಮಾಡಲು ಮಾವ-ಅಳಿಯ ಇಬ್ಬರೂ ಕೋಟೆಯೊಳಗೆ ಹೋದರು. ಮಾಹಿಯಾರ್‌ನ ಸೊಸೆ ಕುಡಿಯಲು ನೀರು ತಂದಳು. ಬಟ್ಟಲಿನ ತಳದಲ್ಲಿ ಕೆಸರಿತ್ತು. ಅಬು ಸುಮೈರ್ ಬಟ್ಟಲನ್ನೇ ನೋಡಿದ. ಎದ್ದು ಅಂಗಳದ ನೀರಿನ ತೊಟ್ಟಿಗೆ ಹೋದ. ಕೋಟೆಗೆಲ್ಲ ಅದೊಂದೇ ತೊಟ್ಟಿ; ಅದು ಬತ್ತಿದರೆ ಮತರ್ಸ್ ಕೇಳಿಸದಿದ್ದರೂ ಬಾಗಿಲು ತೆರೆಯಲೇಬೇಕು. ಈಟಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಮೇಲೆತ್ತಿ, ಒದ್ದೆಯಾದಷ್ಟನ್ನು ಕೈಯಿಂದ ಅಳೆದು ಹುರೈಸ್‌ಗೆ ತೋರಿಸಿದ.

ನೀರು ನಾಲ್ಕು ಬೆರಳಿತ್ತು.