ಕಾಳು ಬೀಳದ ಮೂರು ಬಟ್ಟಲು

ಇಪ್ಪತ್ತೆರಡು ವರ್ಷ! ಮೈಯೊಳಗಿನ ಕಾವಲು ಕಣಗಳನ್ನೇ ಎಬ್ಬಿಸಿ, ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡದಂತೆ ತಡೆಯುವ ಮದ್ದಿಗಾಗಿ ಇನ್‌ಶಿರಾಹ್ ತಲೆ ನರೆಯುವವರೆಗೂ ಇಲಿಗಳ ಶ್ವಾಸಕೋಶದ ಕಪ್ಪು ಚುಕ್ಕೆ ಎಣಿಸಿದ್ದಳು. ಒಂದು ಚುಕ್ಕೆಗೆ ಬಟ್ಟಲಲ್ಲಿ ಅವರೆಯಂಥ ಒಂದು ಫೂಲ್ ಕಾಳು. ಅಲೆಕ್ಸಾಂಡ್ರಿಯದ ಆ ಪ್ರಯೋಗಾಲಯದಲ್ಲಿ ಅವಳನ್ನು "ಕಾಳಿನ ಡಾಕ್ಟ್ರಮ್ಮ" ಅಂತ ಆಡಿಕೊಳ್ಳದವರೇ ಇಲ್ಲ.

ಮದ್ದು ಚುಚ್ಚಿಸಿಕೊಂಡ ಎಂಟು ಇಲಿಗಳಲ್ಲಿ ಐದಕ್ಕೆ ಎಂದಿನಂತೆ ಬಟ್ಟಲು ತುಂಬಿತು. ಮಿಕ್ಕ ಮೂರಕ್ಕೆ ಒಂದು ಕಾಳೂ ಬೀಳಲಿಲ್ಲ. ಸುದ್ದಿ ಕೇಳಿದ ನಿರ್ದೇಶಕರು ಆಗಲೇ ಬಸ್‌ಬೂಸಾ ಸಿಹಿ ತರಿಸಲು ಹೇಳಿಯಾಗಿತ್ತು. ಅವಳಿಗೋ ಇನ್ನಾರು ತಿಂಗಳಿಗೆ ನಿವೃತ್ತಿ, ಇನ್ನೊಂದು ಪ್ರಯೋಗಕ್ಕೆ ಐದು ತಿಂಗಳು ಬೇಕು. ಈ ಮೂರೂ ನಿಜವಾಗಿರಲಪ್ಪಾ ದೇವರೇ ಅಂದುಕೊಳ್ಳುತ್ತಲೇ ಅವುಗಳ ಬಾಲ ತಿರುಗಿಸಿ ನೋಡಿದಳು. ಏಳು ಸಲ ಸೂಜಿ ಚುಚ್ಚಿದ ಬಾಲದಲ್ಲಿ ಒಂದಾದರೂ ಕಲೆ ಬೇಡವೇ?

ಇಲಿಗಳನ್ನು ಸಾಕುವ ಮುದುಕ ಗಾಬಲ್ಲಾನನ್ನು ಕರೆದಳು.

"ಕಾಕಾ, ಈ ಮೂರು ನನ್ನವಲ್ಲ."

ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಹದಿನೈದು ದಿನದ ಹಿಂದೆ ಸತ್ತೋದ್ವು ಡಾಕ್ಟ್ರಮ್ಮ. ನಿಮ್ಮಮ್ಮನ್ನ ಮಣ್ಣು ಮಾಡಿ ನೀವು ಮೂರು ದಿನದ ದುಃಖಕ್ಕೆ ಕೂತಿದ್ರಿ. ಆ ಮನೆಗೆ ಇನ್ನೊಂದು ಸಾವಿನ ಸುದ್ದಿ ಹೊತ್ಕೊಂಡು ಹೆಂಗೆ ಬರ್ಲಿ? ಆಮೇಲೆ ಬಾಯೇ ಬರ್ಲಿಲ್ಲ. ರೋಗವಿಲ್ಲದ ಬೇರೆ ಮೂರು ತಂದು, ನೀವು ಹಾಕೋ ಹಾಗೇ ಕಿವಿಗೆ ಗುರುತು ಹಾಕಿ ಬಿಟ್ಟೆ."

"ಸತ್ತವು ಎಲ್ಲಿ?"

"ಅಂಜೂರದ ಗಿಡದ ಬುಡದಲ್ಲಿ ಹೂತೆ. ಎಸೆಯೋಕೆ ಮನಸ್ಸಾಗ್ಲಿಲ್ಲ."

ಇನ್‌ಶಿರಾಹ್ ಬೈಯಬೇಕೆಂದು ಬಾಯಿ ತೆರೆದಳು. ಎಂಥಾ ಹಾಳು ಕರುಣೆ ಇದು! ಅಳು ಬಂತು. ಅಮ್ಮ ಹೋದಾಗಲೂ ಇಷ್ಟು ಅತ್ತಿರಲಿಲ್ಲ ಅನ್ನುವುದು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು.

ಕೊನೆಗೆ ಪ್ರಯೋಗದ ಲೆಕ್ಕದ ಪುಸ್ತಕ ಎಳೆದುಕೊಂಡಳು. ಮುದುಕ ಗಾಬರಿಬಿದ್ದ. "ಬರೆದ ಲೆಕ್ಕ ಹೊಡೆದು ಹಾಕ್ಬೇಡಿ ಡಾಕ್ಟ್ರಮ್ಮ. ನನಗೂ ನಿಮಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಈ ಮದ್ದು ನಂಬಿ ಬರೋ ರೋಗಿಗೆ ಗೊತ್ತಾಗುತ್ತೆ ಕಾಕಾ. ಉಸಿರು ಕಟ್ಟಿದಾಗ ಗೊತ್ತಾಗುತ್ತೆ."

ಮೂರು ಸೊನ್ನೆಗಳ ಮೇಲೆ ಗೀಟು ಎಳೆದು "ಸತ್ತವು" ಎಂದು ಬರೆದಳು. ಹೊರಗೆ ಬಸ್‌ಬೂಸಾ ಬಂತೆಂದು ಯಾರೋ ಕೂಗುತ್ತಿದ್ದರು.

"ಹೊಸ ಇಲಿ ಎಷ್ಟಿವೆ?"

"ಹದಿನಾರು."

"ಇವತ್ತೇ ಶುರು ಮಾಡೋಣ. ಮತ್ತೆ ಕೇಳಿ, ಇನ್ಮೇಲೆ ನನ್ನ ಮನೇಲಿ ಯಾರ ಹೆಣ ಬಿದ್ದಿರ್ಲಿ, ನನ್ನ ಇಲಿ ಸತ್ರೆ ಅವತ್ತೇ ಬಂದು ಬಾಗಿಲು ಬಡೀರಿ."