ಸೀಮೆಸುಣ್ಣದ ಎರಡು ಮನೆ

ಪುಟ್ಟ ಮನೆ ಕಟ್ಟಿಸಲು ಬರುವವರಿಗೆ ಮೇಸ್ತ್ರಿಯದೊಂದು ಕಟ್ಟಪ್ಪಣೆ ಇತ್ತು. ಕಾಗದದ ನಕ್ಷೆ ನೋಡಿ ತಲೆಯಾಡಿಸಿದರೆ ಅವನು ಕೆಲಸ ಶುರುಮಾಡುತ್ತಿರಲಿಲ್ಲ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಯನ್ನು ಕಟ್ಟುವಷ್ಟೇ ಅಳತೆಗೆ ಬರೆದು, ಗಂಡ ಹೆಂಡತಿಯನ್ನು ಅದರೊಳಗೆ ಬಿಟ್ಟು, "ಒಂದು ಬೆಳಗ್ಗೆ ಬಾಳಿ ತೋರ್ಸಿ" ಅನ್ನುತ್ತಿದ್ದ. ಏಳುವುದು, ಮುಖ ತೊಳೆಯುವುದು, ಅಡುಗೆ, ಊಟ, ಎಲ್ಲವನ್ನೂ ಸುಳ್ಳುಸುಳ್ಳೇ ಮಾಡಬೇಕು.

ಈ ದಿನ ಬಂದವರು ನಿವೃತ್ತ ಬಸ್ ಡ್ರೈವರ್ ಮತ್ತು ಹೊಲಿಗೆ ಕೆಲಸದ ಅವನ ಹೆಂಡತಿ. ಕಂಪನಿಯ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು; ಸ್ವಂತಕ್ಕೆ ಅಂತ ಇದ್ದದ್ದು ಅಂಗೈ ಅಗಲದ ಜಾಗ. ನೆಲದ ಮೇಲೆ ಎರಡು ಮನೆ ಬರೆದಿತ್ತು. ಮೊದಲನೆಯದರಲ್ಲಿ ಒಂದೇ ಕೋಣೆ: ಮಂಚ, ಒಲೆ, ಹೊಲಿಗೆ ಮೆಷಿನ್ ಎಲ್ಲ ಒಟ್ಟಿಗೆ. ಎರಡನೆಯದರಲ್ಲಿ ನಡುವೆ ಗೋಡೆ, ಅತ್ತ ಇತ್ತ ಒಂದೊಂದು ಗೂಡು.

ಡ್ರೈವರನಿಗೆ ಮೊದಲನೆಯದೇ ಬೇಕಿತ್ತು. ಒಲೆಗೂ ಮಂಚಕ್ಕೂ ನಡುವಿನ ಸಂದನ್ನು ಅವನ ಕಣ್ಣು ಆಗಲೇ ಅಳೆದುಬಿಟ್ಟಿತ್ತು. ಒಬ್ಬರು ನಿಂತರೆ ಇನ್ನೊಬ್ಬರು ಮೈ ಒರಸಿಕೊಂಡೇ ಹೋಗಬೇಕು. "ಸ್ವಲ್ಪ ಸರೀರಿ" ಅಂತಲಾದರೂ ಅವಳು ಬಾಯಿ ಬಿಡಲೇಬೇಕು.

ಮಗಳು ಹೋದಾಗಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು. ಆ ದಿನ ಮಗುವಿನ ಮೈ ಸುಡುತ್ತಿತ್ತು. "ಸಂಜೆ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ" ಎಂದು ಇವನು ಡ್ಯೂಟಿಗೆ ಹೋದ. ಸಂಜೆಗೆ ಮಗಳಿರಲಿಲ್ಲ. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಹೊತ್ತುಹೊತ್ತಿಗೆ ಬಡಿಸಿದಳು, ಅಂಗಿಗೆ ಗುಂಡಿ ಹಾಕಿಕೊಟ್ಟಳು, ತುಟಿ ಮಾತ್ರ ಬಿಚ್ಚಲಿಲ್ಲ. ಕ್ವಾರ್ಟರ್ಸಿನಲ್ಲಿ ಹಾಗೆ ಬದುಕಲು ಜಾಗವಿತ್ತು. ಒಂದೇ ಕೋಣೆಯಲ್ಲಿ ಅದೆಷ್ಟು ದಿನ ನಡೆದೀತು? ಹುಚ್ಚು ಆಸೆ ಅನ್ನಿ, ಅವನಿಗೆ ಉಳಿದಿದ್ದದ್ದು ಅದೊಂದೇ.

"ಮೊದ್ಲು ಏಳೋದ್ಯಾರು?" ಎಂದ ಮೇಸ್ತ್ರಿ, ಇಬ್ಬರನ್ನೂ ಮೊದಲನೆಯ ಮನೆಯೊಳಗೆ ಬಿಟ್ಟು.

"ನಾನು," ಎಂದಳು ಅವಳು. "ಅವರು ಏಳೋದು ಆಮೇಲೆ."

"ಯಜಮಾನ್ರು ಪಕ್ಕದಲ್ಲೇ ಇದಾರೆ, ಪರದೇಶದಲ್ಲಿರೋರ ಸುದ್ದಿ ಹೇಳ್ದಂಗೆ ಹೇಳ್ತೀರಲ್ಲಮ್ಮ!"

ಅವಳು ಇಲ್ಲದ ಒಲೆ ಹಚ್ಚಿದಳು, ಇಲ್ಲದ ಪಾತ್ರೆ ಇಳಿಸಿದಳು. ಡ್ರೈವರ್ ಇಲ್ಲದ ಮಂಚದಿಂದೆದ್ದು ಬೇಕೆಂದೇ ಆ ಸಂದಿನಲ್ಲಿ ಬಂದು ನಿಂತ.

ಅವಳು ಸಂದಿನಾಚೆಯ ಮೆಷಿನ್ ಕಡೆಗೆ ಹೋಗಬೇಕಿತ್ತು. ತಿರುಗಿದಳು. ಅವನ ಪಾದಗಳನ್ನು ನೋಡಿದಳು, ಸಂದನ್ನು ನೋಡಿದಳು. ಆಮೇಲೆ ಹಿಂದಕ್ಕೆ ಸರಿದು, ಗೋಡೆಯ ಗೆರೆ ದಾಟಿ ಮನೆಯಿಂದಲೇ ಹೊರಬಿದ್ದು, ಹೊರಗಡೆಯಿಂದ ಸುತ್ತಿಕೊಂಡು, ಇನ್ನೊಂದು ಗೋಡೆ ದಾಟಿ ಬಂದು ಮೆಷಿನ್ ಜಾಗದಲ್ಲಿ ಕೂತಳು.

ಮೇಸ್ತ್ರಿ ಬಿದ್ದುಬಿದ್ದು ನಕ್ಕ. "ಗೋಡೇನೇ ದಾಟ್ಬಿಟ್ರಲ್ಲಮ್ಮ! ನಾಳೆ ಇಟ್ಟಿಗೆ ಕಟ್ಟಿದ್ಮೇಲೆ ಏನ್ಮಾಡ್ತೀರಿ?"

ಅವಳು ತಾನು ದಾಟಿದ ಗೆರೆಯನ್ನು ತಿರುಗಿ ನೋಡಿದಳು. "ಹೌದಲ್ಲ..." ಎಂದಳು. ಮುಖ ಬಿಳಿಚಿಕೊಂಡಿತ್ತು.

ಡ್ರೈವರ್ ಅದನ್ನು ಕಂಡ. ಇಷ್ಟು ವರ್ಷ ಅವಳದು ಹಟ ಅಂದುಕೊಂಡಿದ್ದ. ಹಟ ಒಂದಲ್ಲ ಒಂದು ದಿನ ಕರಗುತ್ತದೆ. ಇದು ಹಟವಲ್ಲ. ಅವನ ಮೈ ಸೋಕುತ್ತದಲ್ಲ ಎಂಬ ದಿಗಿಲು.

"ಎರಡ್ನೇದೇ ಇರ್ಲಿ ಮೇಸ್ತ್ರಿ," ಎಂದ.

"ಆಗ್ಲಿ. ನಡುಗೋಡೆಗೆ ಬಾಗ್ಲಿದೆ. ಚಿಲಕ ಯಾವ ಕಡೆಗಿಡ್ಲಿ?"

ಡ್ರೈವರ್ ಹೆಂಡತಿಯತ್ತ ತಿರುಗಿ ಅವಳನ್ನೇ ಕೇಳಿದ: "ನಿನ್ ಕಡೆಗೇ ಇಡಿಸ್ಲಾ?"

ಅವಳು ತಲೆಯೆತ್ತಿ ನೇರ ಅವನ ಮುಖವನ್ನೇ ನೋಡಿದಳು.

"ಬಾಗ್ಲೇ ಬೇಡಾರೀ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವಂತಿತ್ತು. "ಊಟ ಹೊರಗಡೆಯಿಂದ ಸುತ್ಕೊಂಡು ಬಂದು ಕೊಡ್ತೀನಿ."

ಅವಳು ಅವನೊಂದಿಗೆ ಮಾತಾಡಿದ್ದಳು.

ಡ್ರೈವರ್ ಮೇಸ್ತ್ರಿಯ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡ. ಮೊಣಕಾಲೂರಿ ಕೂತು, ಬಾಗಿಲಿಗೆಂದು ಬಿಟ್ಟಿದ್ದ ಜಾಗದಲ್ಲಿ ತಾನೇ ಗೆರೆ ಎಳೆದ.