ಕಡಲಿಗೆ ಮುಖ ಮಾಡಿದ ಪಿಂಗಾಣಿ ನಾಯಿ

ಬೆಳಿಗ್ಗೆ ಎದ್ದು ಪರದೆ ಸರಿಸಿದಾಗ ನಾಯಿ ಮತ್ತೆ ಕಡಲಿನ ಕಡೆಗೆ ತಿರುಗಿ ಕೂತಿತ್ತು.

ಏವ್ರಿಲ್ ಹಾಗ್ಬೆನ್ ಪರದೆಯ ಅಂಚನ್ನು ಹಿಡಿದುಕೊಂಡೇ ನಿಂತಳು. ಮಲಗುವ ಮುಂಚೆ ಅದನ್ನು ಒಳಮುಖವಾಗಿ, ಗಂಡ ಲೆನ್ ಕೂರುತ್ತಿದ್ದ ಕುರ್ಚಿಯ ಕಡೆಗೆ ತಿರುಗಿಸಿ ಇಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಬಿಳಿ ಪಿಂಗಾಣಿಯ ನಾಯಿ. ಜೋಲು ಕಿವಿಗಳಿಗೆ ಕಂದು ಬಣ್ಣ, ಕೊರಳಲ್ಲಿ ಮಾಸಿದ ಚಿನ್ನದ ಸರಪಳಿ. ಹುಬ್ಬುಗಳನ್ನು ಯಾರೋ ನೂರೈವತ್ತು ವರ್ಷದ ಹಿಂದೆ ಅವಸರದಲ್ಲಿ ಎಳೆದಿದ್ದರು. ಆ ಅವಸರದಿಂದಲೇ ಅದರ ಮುಖಕ್ಕೆ ಒಂದು ಬಗೆಯ ಆತಂಕ ಬಂದುಬಿಟ್ಟಿತ್ತು, ಯಾರನ್ನೋ ಕಾಯುವವರ ಮುಖದಲ್ಲಿ ಇರುವಂಥದ್ದು.

ಕಿಟಕಿಯ ನಾಯಿಗೆ ಒಂದು ಕೆಲಸವಿದೆ ಎಂದು ಲೆನ್‌ನ ತಾಯಿ ಹೇಳುತ್ತಿದ್ದಳು. ಮನೆಯ ಗಂಡಸು ಕಡಲಿನ ಮೇಲಿದ್ದರೆ ನಾಯಿ ಹೊರಗೆ ನೋಡಬೇಕು. ಅವನು ಮನೆಗೆ ಬಂದ ಮೇಲೆ ಒಳಗೆ ನೋಡಬೇಕು. ಲೆನ್ ತಮ್ಮೂರು ಇಂಗ್ಲೆಂಡಿನ ಡೋವರ್‌ನಿಂದ ಬೆಲ್ಜಿಯಮ್ಮಿನ ಓಸ್ಟೆಂಡ್‌ಗೆ ಹೋಗುವ ಹಡಗಿನಲ್ಲಿ ಊಟ ಬಡಿಸುವ ಕೆಲಸಕ್ಕಿದ್ದ. ಅಷ್ಟು ವರ್ಷವೂ ಏವ್ರಿಲ್ ನಾಯಿಯನ್ನು ಹೊರಗೆ ತಿರುಗಿಸಿದ್ದಾಳೆ, ಒಳಗೆ ತಿರುಗಿಸಿದ್ದಾಳೆ. ಲೆನ್ ತೀರಿಕೊಂಡ ದಿನ ಅದನ್ನು ಎತ್ತ ತಿರುಗಿಸಬೇಕೆಂದು ಅವಳಿಗೆ ತೋಚಲಿಲ್ಲ. ಬಹಳ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು, ಕೊನೆಗೆ ಒಳಗೆ ಮುಖ ಮಾಡಿ ಇಟ್ಟಳು. ಅವನು ಇನ್ನು ಹೊರಗೆ ಹೋಗುವಂತಿಲ್ಲವಲ್ಲ.

ತಿರುಗುವುದು ಶುರುವಾಗಿದ್ದು ಆ ಹೊಸ ವರ್ಷದಲ್ಲಿ.

"ಲಾರಿ ಕಣೇ," ಎಂದಳು ಪಕ್ಕದ ಮನೆಯ ಮಾವಿಸ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ. "ಬ್ರೆಕ್ಸಿಟ್ ಆದ್ಮೇಲೆ ಬಂದರಿನ ರಸ್ತೆ ತುಂಬ ಲಾರಿನೇ. ಒಂದೊಂದು ಕಾಗದಾನೂ ನೋಡಿ ಬಿಡ್ಬೇಕು, ಅಲ್ಲೀವರೆಗೂ ಇಂಜಿನ್ ಗುರ್ ಅಂತಿರುತ್ತೆ. ನಮ್ಮನೆ ತಟ್ಟೆಗಳೇ ಶೆಲ್ಫಲ್ಲಿ ಕುಣೀತವೆ. ನಿನ್ನ ನಾಯಿ ತಿರುಗೋದೇನು ಮಹಾ."

"ಒಂದೇ ಕಡೆಗೆ ತಿರುಗುತ್ತಲ್ಲೇ?"

"ಕಿಟಕಿ ಹಲಗೆ ಆ ಕಡೆ ಇಳಿಜಾರಿರ್ಬೇಕು. ನೀನೇ ಅಲ್ವಾ ಯುರೋಪ್ ಬೇಡ ಅಂತ ಓಟು ಹಾಕಿದ್ದು? ಅನುಭವಿಸು."

"ನಾನು ಇರೋಣ ಅಂತ ಹಾಕಿದ್ದು. ಬಿಡೋಣ ಅಂದೋಳು ನೀನು!"

"ಹೌದಾ?" ಮಾವಿಸ್ ಅದ್ದಿದ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. "ಅಯ್ಯೋ, ನಂಗೆ ಶಾಪ ಹಾಕ್ದೆ ನೋಡು."

ಇಬ್ಬರೂ ನಕ್ಕರು. ಲೆನ್ ಯಾವ ಕಡೆಗೆ ಓಟು ಹಾಕಿದ್ದನೋ ಏವ್ರಿಲ್‌ಗೆ ಗೊತ್ತಿರಲಿಲ್ಲ. ಆ ದಿನ ಇಬ್ಬರೂ ಒಟ್ಟಿಗೇ ಶಾಲೆಯ ಹಾಲ್‌ಗೆ ನಡೆದುಹೋಗಿ, ಒಟ್ಟಿಗೇ ವಾಪಸಾಗಿ, ದಾರಿಯಲ್ಲಿ ಕರಿದ ಮೀನು ಕಟ್ಟಿಸಿಕೊಂಡು ಬಂದಿದ್ದರು. ಅವನು ಹೇಳಲಿಲ್ಲ. ಅವಳು ಕೇಳಲಿಲ್ಲ.

ಆ ನಾಯಿಗೆ ಒಂದು ಜೋಡಿಯಿತ್ತು. ಅದು ಕಡಲಿನ ಆಚೆ ಓಸ್ಟೆಂಡ್‌ನಲ್ಲಿ, ಓಡಿಲ್ ಎಂಬ ಮುದುಕನ ಕಿಟಕಿಯಲ್ಲಿತ್ತು. ಲೆನ್‌ಗೂ ಓಡಿಲ್‌ಗೂ ಹಳೆ ಪಿಂಗಾಣಿಯ ಹುಚ್ಚು. ಓಸ್ಟೆಂಡ್‌ನ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಒಂದೇ ಗಳಿಗೆಯಲ್ಲಿ ಒಂದೇ ಜೋಡಿಯ ಮೇಲೆ ಕೈಯಿಟ್ಟಿದ್ದರು. ಒಬ್ಬನ ಕೈಯಲ್ಲಿ ಎಡಗಡೆಯ ನಾಯಿ, ಇನ್ನೊಬ್ಬನ ಕೈಯಲ್ಲಿ ಬಲಗಡೆಯದು. ಇಬ್ಬರೂ ಬಿಡಲಿಲ್ಲ. ಕೊನೆಗೆ ಪಾಲು ಹಾಕಿ ಕೊಂಡು ಒಂದೊಂದನ್ನು ಮನೆಗೆ ಒಯ್ದರು. ಜೋಡಿ ಒಡೆಯುವುದೆಂದರೆ ಸಂಗ್ರಹಕಾರರ ಲೋಕದಲ್ಲಿ ಪಾಪ. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಇಬ್ಬರೂ ಒಂದು ಕಟ್ಟಳೆ ಮಾಡಿಕೊಂಡರು. ವರ್ಷಕ್ಕೊಮ್ಮೆ ನಾಯಿಗಳನ್ನು ಅದಲುಬದಲು ಮಾಡುವುದು, ಒಬ್ಬ ಸತ್ತರೆ ಎರಡೂ ಉಳಿದವನ ಮನೆ ಸೇರುವುದು. ಓಸ್ಟೆಂಡ್‌ನ ಹಡಗು ನಿಂತುಹೋದ ಮೇಲೂ ಲೆನ್ ಬೇಸಿಗೆಯಲ್ಲಿ ಬೇರೆ ಹಡಗು, ಬಸ್ಸು, ಟ್ರಾಮು ಹತ್ತಿ ನಾಯಿಯನ್ನು ಹೊತ್ತುಕೊಂಡು ಹೋಗಿಬರುತ್ತಿದ್ದ. ಚೀಲದಲ್ಲಿ ಏನಿದೆಯೆಂದು ಒಬ್ಬರೂ ಕೇಳಿದ್ದಿಲ್ಲ.

ಲೆನ್ ಹೋದ ಆ ಡಿಸೆಂಬರ್‌ನಲ್ಲಿ ಓಡಿಲ್ ಫೋನ್ ಮಾಡಿದ್ದ. "ಏವ್ರಿಲ್, ಹೊಸ ವರ್ಷಕ್ಕೆ ಮುಂಚೆ ಕಳಿಸ್ಬಿಡಮ್ಮ. ಆಮೇಲೆ ಗಡಿ ಬೇರೆ ಥರ ಆಗುತ್ತೆ ಅಂತಾರೆ." ಕಳಿಸ್ತೀನಿ ಎಂದಿದ್ದಳು. ಕಳಿಸಲಿಲ್ಲ. ಲೆನ್ ಇಲ್ಲದ ಮೊದಲ ಕ್ರಿಸ್ಮಸ್. ಅದೊಂದು ಕಳೆಯಲಿ ಎಂದುಕೊಂಡಳು.

ವಸಂತದಲ್ಲಿ ಕಳಿಸಿದಳು. ಹಳೆಯ ಸ್ವೆಟರಿನಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಅಂಚೆಯವರು ಕೇಳಿದ್ದನ್ನೆಲ್ಲ ಬರೆದುಕೊಟ್ಟಳು. ಆಮೇಲೆ ಕೆಲವು ವಾರ ಕಿಟಕಿ ಬರಿದಾಗಿತ್ತು, ಅವಳಿಗೂ ನಿದ್ದೆ ಬಂತು. ಬೇಸಿಗೆಯಲ್ಲಿ ಒಂದು ದಿನ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಅದೇ ಪೆಟ್ಟಿಗೆ. ಮೇಲೆ ಯಾರದೋ ಟೇಪು, ಯಾವುದೋ ಭಾಷೆಯ ಮುದ್ರೆ. ಅಲ್ಲಿ ಸುಂಕ ಕಟ್ಟಿರೆಂದು ಓಡಿಲ್‌ನ ಮಗಳು ಗೋಡಲೀವ್‌ಳ ಮೊಬೈಲಿಗೆ ಸಂದೇಶ ಬಂದಿತ್ತಂತೆ. ಅದು ಮೋಸಗಾರರ ಸಂದೇಶವೆಂದು ಅವಳು ಅಳಿಸಿಬಿಟ್ಟಳಂತೆ.

"ದಿನಾ ಬರುತ್ತೆ ಅಂಥವು!" ಎಂದಳು ಗೋಡಲೀವ್ ಫೋನಿನಲ್ಲಿ. "ನಿಮ್ಮ ಪಾರ್ಸೆಲ್ ನಿಂತಿದೆ, ಒತ್ತಿ, ದುಡ್ಡು ಕಟ್ಟಿ ಅಂತ. ನಿಜವಾದ್ದೂ ಹಾಗೇ ಇರುತ್ತೆ ಅಂತ ನಂಗೇನ್ ಗೊತ್ತು?"

ಅವತ್ತು ಏವ್ರಿಲ್ ನಾಯಿಯನ್ನು ಒಳಮುಖವಾಗಿ ಇಟ್ಟು ಮಲಗಿದಳು. ಬೆಳಿಗ್ಗೆ ಅದು ಕಡಲನ್ನು ನೋಡುತ್ತಿತ್ತು. ಮರುದಿನವೂ, ಅದರ ಮರುದಿನವೂ. ಕೆಳಗೆ ಒರಟು ಬಟ್ಟೆ ಹಾಸಿ ನೋಡಿದಳು. ಬಟ್ಟೆಯೂ ಜೊತೆಗೆ ಮುದುರಿಕೊಂಡು ತಿರುಗಿತ್ತು. ಲಾರಿಗಳು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟು ಹೊತ್ತು ಕಾರಣ ಲಾರಿಗಳೇ ಆಗಿದ್ದವು. ಆದರೆ ಲೆನ್‌ನ ಕುರ್ಚಿಯ ಕಡೆಗೆ ತಿರುಗಿದ ಆ ಬಿಳಿ ಬೆನ್ನನ್ನು ನೋಡಿದಾಗಲೆಲ್ಲ ಅವಳಿಗೆ ಒಂದೇ ಅನಿಸುತ್ತಿತ್ತು. ಲೆನ್ ಇನ್ನೂ ಮನೆ ಮುಟ್ಟಿಲ್ಲ. ತಾನೇ ಅವನನ್ನು ತಡೆದು ನಿಲ್ಲಿಸಿದ್ದಾಳೆ, ಎಲ್ಲೋ ನಡುನೀರಿನಲ್ಲಿ. ಈ ನಾಯಿಯನ್ನು ಅವನು ಮಾತು ಕೊಟ್ಟ ಕಡೆ ಮುಟ್ಟಿಸುವವರೆಗೆ ಇಬ್ಬರಿಗೂ ನೆಮ್ಮದಿಯಿಲ್ಲ. ಅತ್ತ ಓಡಿಲ್‌ನ ದನಿ ಒಂದೊಂದು ಫೋನಿಗೂ ಸಣ್ಣದಾಗುತ್ತಿತ್ತು.

ಕೊರೋನಾ ಕಾಲದ ಕಟ್ಟುಪಾಡುಗಳು ಸಡಿಲಾಗಿ ಹಡಗು ಗಾಡಿಯಿಲ್ಲದೆ ನಡೆದು ಬರುವವರನ್ನು ಮತ್ತೆ ಹತ್ತಿಸಿಕೊಳ್ಳತೊಡಗಿದಾಗ ಅವಳು ನಾಯಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಕಡಲಾಚೆ ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಸುಂಕದ ತರುಣನೊಬ್ಬ ಅವಳನ್ನು ಪಕ್ಕಕ್ಕೆ ಕರೆದ. ಸ್ವೆಟರನ್ನು ಬಿಡಿಸಿ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದ.

"ಮೇಡಂ, ಇದು ಹಳೇದು."

"ನಾನೂ ಹಳಬಳೇ."

ಅವನು ನಗಲಿಲ್ಲ. "ಮಾರೋಕಾ?"

"ಅಲ್ಲಪ್ಪ."

"ಯಾರಿಗಾದ್ರೂ ಕೊಡೋಕಾ? ಬಿಟ್ಟು ಹೋಗೋದಾದ್ರೆ ಲೆಕ್ಕ ಬೇರೆ. ಇಲ್ಲಾ ವಾಪಸ್ ತಗೊಂಡ್ ಹೋಗ್ತೀರಾ?"

ನಿಜ ಹೇಳಿದರೆ ಮತ್ತೆ ಕಾಗದ, ಮತ್ತೆ ಕಾಯುವುದು, ಮತ್ತೆ ಮೆಟ್ಟಿಲ ಮೇಲೆ ಪೆಟ್ಟಿಗೆ. ನಾಯಿ ತರುಣನ ಹೆಗಲಾಚೆ ಯಾವುದನ್ನೋ ನೋಡುತ್ತಿತ್ತು.

"ಒಂದು ನಾಯಿ ತಗೊಂಡು ಬಂದಿದೀನಿ, ಒಂದು ನಾಯಿ ತಗೊಂಡು ಹೋಗ್ತೀನಿ," ಎಂದಳು. ಆ ಮಾತು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಲೆನ್ ತಮಾಷೆಗೆ ಹೇಳುತ್ತಿದ್ದ ಮಾತಿನ ಹಾಗಿತ್ತು.

ತರುಣ ಅವಳನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿ, ತಾನೇ ಸ್ವೆಟರಿನಲ್ಲಿ ಸುತ್ತಿಕೊಟ್ಟ. ಮಗುವಿಗೆ ಸುತ್ತುವಷ್ಟು ಮೆತ್ತಗೆ.

ಎರಡು ಬಸ್ಸು ಬದಲಿಸಿ, ಬೆಲ್ಜಿಯಮ್ಮಿನ ಗಡಿ ದಾಟಿ, ಕಡಲ ಪಕ್ಕದಲ್ಲೇ ಓಡುವ ಟ್ರಾಮಿನಲ್ಲಿ ಓಸ್ಟೆಂಡ್ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಓಡಿಲ್ ಅಡುಗೆಮನೆಯಲ್ಲಿ ಕೂತು ಪುಟ್ಟ ಬೂದು ಸೀಗಡಿಗಳ ಸಿಪ್ಪೆ ಬಿಡಿಸುತ್ತಿದ್ದ. ಕಣ್ಣು ಪೂರ್ತಿ ಹೋಗಿತ್ತು, ಬೆರಳುಗಳಿಗೆ ಮಾತ್ರ ದಾರಿ ಗೊತ್ತಿತ್ತು.

"ತಂದ್ಯಾ?" ಎಂದ, ಹಡಗಿನವರಿಂದ ಕಲಿತ ಇಂಗ್ಲಿಷಿನಲ್ಲಿ.

"ತಂದೆ. ತಡ ಆಯ್ತು."

"ಲೆನ್ ಯಾವತ್ತು ಟೈಮಿಗೆ ಸರಿಯಾಗಿ ಬಂದಿದ್ದ? ಹಡಗು ತಡ ಅನ್ನೋನು. ನೋಡಿದ್ರೆ ಸಂತೇಲಿ ನಿಂತಿರೋನು."

ಅವಳು ನಾಯಿಯನ್ನು ಅವನ ಮುಂದಿಟ್ಟಳು. ಅವನು ಕೈ ಒರೆಸಿಕೊಂಡು ಅದರ ಹಣೆ, ಮೂತಿ, ಸರಪಳಿ ಸವರಿದ. ಹಿಂಬದಿಯಲ್ಲಿ ಒಂದು ಸಣ್ಣ ಸೀಳಿನ ಮೇಲೆ ಬೆರಳು ನಿಂತಿತು. ಏವ್ರಿಲ್ ಕಿಟಕಿಯ ಕಡೆ ನೋಡಿದಳು. ಜೋಡಿ ನಾಯಿ ಅಲ್ಲಿತ್ತು. ಕೋಣೆಗೆ ಬೆನ್ನು, ಹೊರಗೆ ಮುಖ.

"ಅದನ್ನ ಯಾಕೆ ಹಾಗಿಟ್ಟಿದೀರ?"

ಬಾಗಿಲಲ್ಲಿ ನಿಂತಿದ್ದ ಗೋಡಲೀವ್ ಹೆಗಲು ಕುಣಿಸಿದಳು. "ನಾವೆಲ್ಲಿ ಇಡ್ತೀವಿ? ಅದೇ ತಿರುಗುತ್ತೆ. ಒಂದ್ ಸಲ ಬುಡಕ್ಕೆ ಅಂಟು ಹಾಕಿಟ್ಟೆ, ಬೆಳಿಗ್ಗೆ ಅಂಟೂ ಬಿಟ್ಟಿತ್ತು."

"ಲಾರಿಗಳಾ?"

"ಯಾವ ಲಾರಿ? ಇದು ಮುಂದೆ ದಾರಿಯಿಲ್ಲದ ಬೀದಿ. ಗಾಡಿನೇ ಬರಲ್ಲ."

"ಟ್ರಾಮು?"

"ಟ್ರಾಮು ಆ ಕಡೆ ಬೀದೀಲಿ ಹೋಗೋದು. ಇಲ್ಲಿಗೆ ಸದ್ದೂ ಕೇಳ್ಸಲ್ಲ."

ಒಲೆಯ ಮೇಲೆ ಕಾಫಿ ಉಕ್ಕಿತು. ಗೋಡಲೀವ್ ಹೋಗಿ ಆರಿಸಿದಳು. ಏವ್ರಿಲ್ ತನ್ನ ಕೈಗಳನ್ನು ಮೇಜಿನ ಕೆಳಗೆ ಒಂದರೊಳಗೊಂದು ಬಿಗಿದುಕೊಂಡಳು.

"ಲೆನ್ ಯಾವ ಕಡೆ ಓಟು ಹಾಕಿದ್ದ?" ಎಂದು ಓಡಿಲ್ ಇದ್ದಕ್ಕಿದ್ದಂತೆ ಕೇಳಿದ.

"ನಾನು ಕೇಳ್ಲಿಲ್ಲ."

"ನಾನೂ ಕೇಳ್ಲಿಲ್ಲ." ಅವನು ಇನ್ನೊಂದು ಸೀಗಡಿ ಕೈಗೆತ್ತಿಕೊಂಡ. "ಕೇಳಿದ್ರೆ ಹೇಳ್ತಿದ್ದ. ಅದಕ್ಕೇ ಕೇಳ್ಲಿಲ್ಲ."

ಗೋಡಲೀವ್ ಎರಡು ನಾಯಿಗಳನ್ನೂ ಮೇಜಿನ ಮೇಲೆ ಎದುರುಬದುರು ನಿಲ್ಲಿಸಿದಳು. ಕನ್ನಡಿಯ ಎರಡು ಕಡೆಯಂತಿದ್ದವು. "ಕೊನೆಗೂ ಜೋಡಿ ಆಯ್ತು," ಎಂದಳು. "ಅಪ್ಪ, ಆ ಹಳೆ ಸಾಮಾನಿನ ಅಂಗಡಿಯವ್ನಿಗೆ ಹೇಳಿಡ್ಲಾ? ಮೊದ್ಲೆಲ್ಲ ಇಂಗ್ಲೆಂಡಿನ ಕೆಂಟ್ ಕಡೆಯವ್ರು ಶನಿವಾರ ವ್ಯಾನ್ ತುಂಬಿಸ್ಕೊಂಡು ಬರೋರು, ಇಂಥವು ರಾಶಿ ಬೀಳ್ತಿತ್ತು. ಈಗ ಆ ಕಾಗದದ ಕಾಟಕ್ಕೆ ಒಬ್ರೂ ಬರಲ್ಲ. ಜೋಡಿ ಸಿಕ್ಕಿದ್ರೆ ಕಣ್ಮುಚ್ಕೊಂಡು ತಗೋತೀನಿ ಅಂದಿದಾನೆ. ಒಂಟಿ ಆದ್ರೆ ಮುಟ್ಟಲ್ಲ."

"ನಾನಿನ್ನೂ ಇಲ್ಲೇ ಕೂತಿದೀನಿ ಕಣಮ್ಮ."

"ಈಗ್ಲೇ ಅಂತ ನಾನಂದೆನಾ? ನೀನು ಹೋದ್ಮೇಲೆ ಅಂದೆ."

"ಅದನ್ನೂ ಈಗ್ಲೇ ಅಂದೆ."

ಮಗಳು ಮುಖ ತಿರುಗಿಸಿಕೊಂಡಳು. ಕೆಟ್ಟವಳಲ್ಲ. ಅಪ್ಪನ ಶೆಲ್ಫುಗಳನ್ನು ಇಷ್ಟು ವರ್ಷ ಒರೆಸಿ ಒರೆಸಿ ಸಾಕಾದವಳು. ಓಡಿಲ್ ಕೈಚಾಚಿ ಎರಡು ನಾಯಿಗಳ ತಲೆಯ ಮೇಲೂ ಅಂಗೈ ಇಟ್ಟ. ಸಂತೆಯಲ್ಲಿ ಆ ಬೆಳಿಗ್ಗೆಯೂ ಹೀಗೇ ಇಟ್ಟಿರಬೇಕು.

"ಏವ್ರಿಲ್, ಇವು ಹಿಂಗೆ ಒಟ್ಟಿಗೆ ಕೂತ್ರೆ ಯಾರನ್ನ ಕಾಯ್ಬೇಕು ಹೇಳು. ಕಾಯೋದು ಬಿಟ್ರೆ ಇವು ಬರೀ ಅಲಂಕಾರದ ಸಾಮಾನು. ಅಂಗಡಿಗೇ ಲಾಯಕ್ಕು." ಅವನು ತನ್ನ ಕಿಟಕಿಯಲ್ಲಿದ್ದುದನ್ನು ಅವಳ ಕಡೆಗೆ ತಳ್ಳಿದ. "ಅದಲುಬದಲಿನ ಬೇಸಿಗೆ ಇದು. ನಿನ್ನ ಸರದಿ ನೀನು ಮಾಡಿದೀಯ. ಇದನ್ನ ತಗೊಂಡ್ ಹೋಗು."

"ಇಬ್ರಲ್ಲಿ ಒಬ್ರು ಹೋದ್ರೆ ಎರಡೂ ಉಳಿದವ್ರಿಗೆ ಅಂತ ಮಾತಿತ್ತು, ಓಡಿಲ್."

"ಲೆನ್ ಹೋಗಿದಾನೆ ಅಂತ ಯಾರಂದ್ರು?" ಎಂದ ಅವನು, ಕಾಣದ ಕಣ್ಣುಗಳನ್ನು ಕಿಟಕಿಯ ಕಡೆ ತಿರುಗಿಸಿ. ತಮಾಷೆಯ ದನಿಯಲ್ಲ. "ನೀನು ಬರ್ತಿದ್ದ ಹಾಗೆ ಬಾಗಿಲು ಎರಡು ಸಲ ಮುಚ್ಚಿಕೊಂಡ ಸದ್ದು ಆಯ್ತು."

ವಾಪಸು ಬರುವಾಗ ಬಂದರಿನಲ್ಲಿ ಯಾರೂ ಅವಳನ್ನು ನಿಲ್ಲಿಸಲಿಲ್ಲ. ಒಂದು ನಾಯಿ ಹೋಗಿತ್ತು, ಒಂದು ನಾಯಿ ಬಂದಿತ್ತು. ಇಡೀ ದಾರಿ ಅವಳ ಪಕ್ಕದ ಸೀಟು ಖಾಲಿಯಿತ್ತು. ಹಡಗು ತುಂಬ ಜನವಿದ್ದರೂ ಯಾರೂ ಅಲ್ಲಿ ಬಂದು ಕೂರಲಿಲ್ಲ.

ಓಡಿಲ್‌ನ ನಾಯಿಯನ್ನು ಅವಳು ಕಿಟಕಿಯಲ್ಲಿ ಒಳಮುಖವಾಗಿ ಇಟ್ಟಳು. ಬೆಳಿಗ್ಗೆ ಅದು ಹಾಗೇ ಇತ್ತು. ಲೆನ್‌ನ ಕುರ್ಚಿಯನ್ನೇ ನೋಡುತ್ತಿತ್ತು. ಬೇಸಿಗೆ ರಜೆಯಲ್ಲಿ ಲಾರಿಗಳ ಸಾಲು ಹಿಂದೆಂದೂ ಇಲ್ಲದಷ್ಟು ಉದ್ದವಾಯಿತು. ಮಾವಿಸ್‌ಳ ಶೆಲ್ಫಿನಿಂದ ಎರಡು ತಟ್ಟೆ ಬಿದ್ದು ಒಡೆದವು. ನಾಯಿ ಅಲುಗಲಿಲ್ಲ.

"ಹಲಗೆ ಸರಿ ಮಾಡಿಸ್ದ್ಯಾ?" ಎಂದಳು ಮಾವಿಸ್.

"ಇಲ್ಲ."

"ಮತ್ತೆ?"

ಏವ್ರಿಲ್ ಚಹಾ ಸುರಿದಳು. ಈಚೆಗೆ ಅವಳಿಗೆ ಕುರ್ಚಿಯ ಕಡೆ ನೋಡಲು ಹೆದರಿಕೆಯಿರಲಿಲ್ಲ. ಆದರೆ ಅದರ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಮಾವಿಸ್ ಅದರ ಕಡೆ ಹೆಜ್ಜೆ ಹಾಕಿದರೆ ಸುಮ್ಮನೆ ಇನ್ನೊಂದನ್ನು ಎಳೆದು ಕೊಡುತ್ತಿದ್ದಳು.

ಕ್ರಿಸ್ಮಸ್ ಬಂತು. ವರ್ಷದಲ್ಲಿ ಅದೊಂದು ದಿನ ಡೋವರ್‌ನಿಂದ ಹಡಗು ಹೊರಡುವುದಿಲ್ಲ. ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಎಚ್ಚರವಾದಾಗ ಮನೆ ಎಷ್ಟು ಮೌನವಾಗಿತ್ತೆಂದರೆ ಅವಳಿಗೆ ತನ್ನ ಉಸಿರೇ ಬೇರೆ ಯಾರದೋ ಅನಿಸಿತು. ಕೆಳಗಿಳಿದು ಬಂದು ಪರದೆ ಸರಿಸಿದಳು.

ನಾಯಿ ಕಡಲಿನ ಕಡೆಗೆ ತಿರುಗಿ ಕೂತಿತ್ತು.

ಅವಳು ಲೆನ್‌ನ ಕುರ್ಚಿಯ ಕಡೆ ನೋಡಿದಳು. ದಿಂಬಿನ ತಗ್ಗು ಹಾಗೇ ಇತ್ತು. ಲೆನ್ ಎಲ್ಲಿಗೂ ಹೋಗಿರಲಿಲ್ಲ. ಹಾಗಾದರೆ ಈಗ ನೀರಿನ ಮೇಲೆ ಇರುವವನು ಬೇರೊಬ್ಬ.

ಫೋನ್ ಬಡಿದುಕೊಳ್ಳತೊಡಗಿತು. ಗೋಡಲೀವ್ ಎಂದು ಅವಳಿಗೆ ಗೊತ್ತಿತ್ತು. ಓಡಿಲ್‌ನ ಬಗ್ಗೆ ಏನು ಹೇಳುತ್ತಾಳೆಂಬುದೂ ಗೊತ್ತಿತ್ತು. ಅಂಗಡಿಯವನ ಮಾತೂ ಒಂದು ದಿನ ಬರುತ್ತದೆ. ಜೋಡಿಯನ್ನು ಕೊಡುತ್ತೀಯಾ ಎಂದು ಕೇಳುತ್ತಾಳೆ, ಇವಳು ಇಲ್ಲ ಎನ್ನುತ್ತಾಳೆ.

ಅದು ಬಡಿದುಕೊಳ್ಳುತ್ತಲೇ ಇರಲು ಬಿಟ್ಟು ಏವ್ರಿಲ್ ಕಿಟಕಿಯ ಹತ್ತಿರ ಹೋದಳು. ರಾತ್ರಿಯ ಚಳಿಗೆ ಗಾಜಿನ ಮೇಲೆ ಮಂಜು ಕೂತಿತ್ತು, ಆಚೆ ಏನೂ ಕಾಣುತ್ತಿರಲಿಲ್ಲ. ಅಂಗಿಯ ತೋಳನ್ನು ಎಳೆದುಕೊಂಡು, ನಾಯಿಯ ಕಣ್ಣಿನ ಎತ್ತರಕ್ಕೆ ಬಗ್ಗಿ, ಅಷ್ಟು ಜಾಗವನ್ನು ಒರೆಸಿದಳು. ಆಮೇಲೆ ಹೋಗಿ ಬಾಗಿಲ ಚಿಲಕ ತೆಗೆದಿಟ್ಟಳು.